ಸೊಪ್ಪಿನ ಕಟ್ಟು ಚೆಲ್ಲಿದ ಮನೆ

ಕೆರೆ ಏರಿಗೆ ಕಳೆನಾಶಕ ಹೊಡೆಸಿದ್ದು ಪಂಚಾಯಿತಿ. ವಾಂತಿ ಮಾಡಿಕೊಂಡು ಗುಬ್ಬಿಯ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿದವಳು ನನ್ನ ಆರು ವರ್ಷದ ತಂಗಿ. ಆ ತಪ್ಪನ್ನು ಸಾಯುವವರೆಗೂ ಹೊತ್ತವಳು ನನ್ನ ಅಜ್ಜಿ. ಮೊನ್ನೆ ತುಮಕೂರಿನ ಅಂಗಡಿಯಿಂದ ತಂದ ಸ್ವಿಸ್ ಚಾರ್ಡ್ ಎಂಬ ವಿದೇಶಿ ಸೊಪ್ಪನ್ನು ತೊಗರಿಬೇಳೆಯೊಡನೆ ಬೇಯಿಸುತ್ತಿದ್ದೆ. ಕೆಂಪು ದಂಟಿನ ಆ ಅಗಲ ಎಲೆಗಳಿಂದ ಹಸಿ ಮಣ್ಣಿನ ವಾಸನೆ ಎದ್ದಿತು. ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಈಗ ಬಿದ್ದುಹೋಗಿರುವ ಮನೆಯ ಒಲೆಯ ಮುಂದೆ ಕುಳಿತಂತಾಯಿತು.

ಅಜ್ಜಿ ಸೊಪ್ಪನ್ನು ಕೊಂಡವಳಲ್ಲ. ಬಿಸಿಲೇರುವ ಮೊದಲು ಕೆರೆ ಏರಿಯ ಮೇಲೆ, ತೆಂಗಿನ ತೋಟಗಳ ಬದುಗಳಲ್ಲಿ ನಡೆದು ಅಣ್ಣೆ, ಹೊನಗೊನ್ನೆ, ಕನ್ನೆ, ಗಣಿಕೆ ಎಂದು ಹತ್ತು ಬಗೆಯ ಬೆರಕೆ ಸೊಪ್ಪನ್ನು ಮಡಿಲು ತುಂಬ ತರುತ್ತಿದ್ದಳು. ಇಬ್ಬನಿ ಆರುವ ಮೊದಲೇ ಕೀಳಬೇಕು, ಬೇರು ಅಲುಗದಂತೆ ಕುಡಿಯನ್ನಷ್ಟೇ ಚಿವುಟಬೇಕು ಎಂಬುದು ಅವಳ ನಿಯಮ. ಬೇಳೆಯೊಡನೆ ಬೆಂದ ಸೊಪ್ಪನ್ನು ಬಸಿದು ಪಲ್ಯಕ್ಕಿಡುತ್ತಿದ್ದಳು. ಬಸಿದ ಹಸಿರು ನೀರಿಗೆ, ಅಂದರೆ ಕಟ್ಟಿಗೆ, ಹುರಿದ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ ರುಬ್ಬಿ ಹಾಕಿದರೆ ಬಸ್ಸಾರು. “ಸತ್ವ ಎಲ್ಲಾ ಕಟ್ಟಲ್ಲೇ ಇರೋದು ಕಣೇ, ಒಂದು ತೊಟ್ಟೂ ಚೆಲ್ಬೇಡ” ಎನ್ನುತ್ತಿದ್ದಳು. ಗಂಡಸರು ಉಂಡೆದ್ದ ಮೇಲೆ ಹೆಂಗಸರಿಗೆ ಉಳಿಯುತ್ತಿದ್ದುದು ಪಾತ್ರೆಯ ತಳ. ಅದೂ ಅನ್ಯಾಯವೇ, ನಮ್ಮ ಮನೆಯದೆಂದು ಮುಚ್ಚಿಡಲಾರೆ. ಪಕ್ಕದ ಮನೆಯ ಗೌರಮ್ಮನವರು ಬೇಲಿಯಾಚೆಯಿಂದ ಕೂಗುತ್ತಿದ್ದರು: “ಅಜ್ಜೀ, ಅರ್ಧ ಏರಿ ನಿಮ್ ಮಡ್ಲಲ್ಲೇ ಐತಲ್ಲ, ನಮಗೂ ಒಂದಿಡಿ ಹಾಕ್ರೀ!”

ಆ ಬೆಳಿಗ್ಗೆ ಏರಿಯ ಎಲೆಗಳೆಲ್ಲ ತೊಯ್ದಿದ್ದವು. ಅಜ್ಜಿ ಅದನ್ನು ಇಬ್ಬನಿಯೆಂದುಕೊಂಡಳು. ಸಾರು ಕೂಡಿಸುವ ಮೊದಲು ಬಿಸಿ ಕಟ್ಟಿಗೆ ಉಪ್ಪು ಹಾಕಿ ಮಕ್ಕಳಿಗೊಂದು ಲೋಟ ಕೊಡುವುದು ವಾಡಿಕೆ. ನಾನು ಶಾಲೆಗೆ ಹೊರಟಿದ್ದೆ; ನನ್ನ ಪಾಲನ್ನೂ ತಂಗಿಯೇ ಕುಡಿದಳು. ಮಧ್ಯಾಹ್ನ, ಮಿಕ್ಕವರು ಉಣ್ಣಲು ಕೂರುವ ಮೊದಲೇ, ಅವಳ ಕಣ್ಣು ತೇಲುತ್ತಿತ್ತು. ಅವಳು ಉಳಿದಳು. ಆದರೆ ಊರು ತೀರ್ಪು ಕೊಟ್ಟಾಗಿತ್ತು. “ಅಜ್ಜಿಗೆ ಕಣ್ಣು ಮಂಜಾಗವೆ, ಯಾವ್ದೋ ಕೆಟ್ಟ ಸೊಪ್ಪು ಕಿತ್ಕೊಂಡು ಬಂದವ್ರೆ” ಎಂದರು ಗೌರಮ್ಮನವರು. ಬೇಲಿಯಾಚೆಯ ಕೂಗು ಮತ್ತೆ ಕೇಳಲಿಲ್ಲ.

ವಾರದೊಳಗೆ ಏರಿಯ ಹಸಿರೆಲ್ಲ ಹಳದಿಗೆ ತಿರುಗಿತು. ಅಲ್ಲಿ ಔಷಧಿ ಹೊಡೆದಿದ್ದ ಕೂಲಿಯಾಳು ರಂಗಪ್ಪ ಬಂದು, ಜಗಲಿ ಹತ್ತದೆ ಕೆಳಗೇ ನಿಂತ. “ನಸುಕಲ್ಲೇ ಹೊಡ್ದು ಮುಗ್ಸಿದ್ದೆ ಅಜ್ಜಿ. ಊರಿಗೆ ಸಾರ್ಬೇಕಾ ಅಂತ ಕೇಳ್ದೆ. ಹುಲ್ಲಿಗೂ ಡಂಗೂರ ಏನ್ಲಾ ಅಂತ ಮೇಸ್ತ್ರಿ ನಕ್ಬುಟ್ರು.” ಅವನ ಕೈಗೆ ಗವಸು ಕೊಟ್ಟಿರಲಿಲ್ಲ, ಕಾಲಲ್ಲಿ ಮೆಟ್ಟು ಇರಲಿಲ್ಲ, ಅವನನ್ನು ನಮ್ಮ ಜಗಲಿಯೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಪಂಚಾಯಿತಿಗೆ ಹೋಗಿ ಕೇಳಿದರು. ಹೊಡೆಸಿದ್ದು ಹುಲ್ಲಿಗೆ ಮಾತ್ರ, ಸೊಪ್ಪು ಗುರುತಿಸಲಾಗದಿದ್ದುದು ಮುದುಕಿಯ ತಪ್ಪು ಎಂಬ ಉತ್ತರ ಬಂತು. ಊರು ಅದನ್ನೇ ನಂಬಿತು. ನಾವು ನಂಬಲಿಲ್ಲ, ಆದರೆ ನಂಬಿಲ್ಲವೆಂದು ಅಜ್ಜಿಗೆ ಬಾಯಿಬಿಟ್ಟು ಹೇಳಲೂ ಇಲ್ಲ. ಅಂದಿನಿಂದ ಅಜ್ಜಿ ಸಂತೆಯ ದಂಟಿನ ಸೊಪ್ಪನ್ನೇ ಬೇಯಿಸಿ, ಕಟ್ಟನ್ನು ಮೋರಿಗೆ ಸುರಿಯುತ್ತಿದ್ದಳು. ನಮ್ಮ ಮನೆಯಲ್ಲಿ ಬಸ್ಸಾರು ಅಲ್ಲಿಗೆ ಮುಗಿಯಿತು. ಕೆಲವು ವರ್ಷಗಳಲ್ಲಿ ಅಜ್ಜಿಯೂ ಹೋದಳು.

ಪಂಚಾಯಿತಿಯ ಅಧ್ಯಕ್ಷರೇ, ಸದಸ್ಯರೇ, ಏರಿಯ ಹುಲ್ಲನ್ನು ಇನ್ನು ಮುಂದೆ ಕುಡುಗೋಲಿನಿಂದಲೇ ಕೊಯ್ಯಿಸಿ. ಆ ಬೆಳಿಗ್ಗೆ ಯಾರಿಗೂ ತಿಳಿಸದೆ ವಿಷ ಹೊಡೆಸಿದ್ದು ಪಂಚಾಯಿತಿ, ಅಜ್ಜಿ ಕಿತ್ತದ್ದು ಒಳ್ಳೆಯ ಸೊಪ್ಪು ಎಂದು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಗ್ರಾಮಸಭೆಯಲ್ಲಿ ಓದಿ. ಗೌರಮ್ಮನವರು ಇನ್ನೂ ಇದ್ದಾರೆ, ಕಿವಿ ಮಂದವಾಗಿದೆ. ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ.