ಹಳೆ ಕಂಪ್ಯೂಟರು ತಿಕೋಟಾಕ್ಕೆ ಹೋದದ್ದು

ತಿಕೋಟಾದ ಗೆಳತಿ ಒಣದ್ರಾಕ್ಷಿ ಶೆಡ್ಡಿನ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಸುದ್ದಿ ನನಗೆ ಮುಟ್ಟಿದ್ದು ಎರಡು ವಾರ ತಡವಾಗಿ. ನಮ್ಮ ನಡುವೆ ಮಾತು ಅಷ್ಟು ಕಡಿಮೆಯಾಗಿತ್ತು. ಜಗಳವೇನೂ ಆಗಿರಲಿಲ್ಲ. ಡಿಪ್ಲೊಮಾ ಓದುವಾಗ ವಿಜಯಪುರದಲ್ಲಿ ಮೂರು ವರ್ಷ ಒಂದೇ ಖೋಲಿಯಲ್ಲಿದ್ದೆವು. ಆಮೇಲೆ ಅವಳು ಮದುವೆಯಾಗಿ ತಿಕೋಟಾಕ್ಕೆ ಹೋದಳು, ನಾನು ಬಬಲೇಶ್ವರದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಕೆಲಸ ಹಿಡಿದೆ. ಹಬ್ಬಕ್ಕೊಂದು ಮೆಸೇಜು ಉಳಿದಿತ್ತು, ಅಷ್ಟೇ.

ಫೋನು ಮಾಡಿದಾಗ ಮೊದಲು ಕಾಲಿನ ವಿಷಯವನ್ನೇ ಎತ್ತಲಿಲ್ಲ ಅವಳು. “ಏನ್ಬೇ, ಇನ್ನೂ ಆಟ ಆಡ್ತಿಯೋ, ಬಿಟ್ಟಿಯೋ?” ಎಂದಳು.

ಆಡುತ್ತಿದ್ದದ್ದು ನಿಜ. ಓದಿಗೆಂದು ಅಪ್ಪ ಕೊಡಿಸಿದ್ದ ಕಂಪ್ಯೂಟರು ಆ ಖೋಲಿಯಲ್ಲಿ ಓದಿಗಿಂತ ಕಾರಿನ ರೇಸಿಗೇ ಹೆಚ್ಚು ದುಡಿದಿತ್ತು. ಪರದೆ ಎರಡು ಭಾಗವಾಗುತ್ತಿತ್ತು. ಒಂದೇ ಕೀಬೋರ್ಡಿನ ಎಡಕ್ಕೆ ಅವಳು, ಬಲಕ್ಕೆ ನಾನು, ಮೊಣಕೈಗೆ ಮೊಣಕೈ ಬಡಿಯುತ್ತಿತ್ತು. ಅದೇ ಕಂಪ್ಯೂಟರು ಈಗಲೂ ನನ್ನ ಹತ್ತಿರವಿತ್ತು. ಆಮೇಲೆ ಅವಳು ಕಾಲಿನ ಮಾತಿಗೆ ಬಂದಳು. ಮೂರು ತಿಂಗಳು ಹಾಸಿಗೆ ಬಿಡಬಾರದೆಂದು ಡಾಕ್ಟರು ಹೇಳಿದ್ದಾರೆ, ಮೈದುನ ತನ್ನ ಹೊಸ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ತಂದಿಟ್ಟಿದ್ದಾನೆ, ಅದರಲ್ಲಿರುವ ಹೊಸ ಆಟವನ್ನು ಬೇರೆ ಬೇರೆ ಊರಿನವರು ಕೂಡಿ ಆಡಬಹುದು ಎಂದೆಲ್ಲ ಹೇಳಿದಳು. ನೀನೂ ಬಾ ಎಂದಳು. ನಾನು ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ.

ಆ ಆಟ ನನ್ನ ಕಂಪ್ಯೂಟರಿಗೆ ಇಳಿಯಲು ಎರಡು ದಿನ ಬೇಕಾಯಿತು. ತೆರೆದರೆ ಚಿತ್ರ ನಿಂತು ನಿಂತು ಬಂತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು, ಐದು ನಿಮಿಷಕ್ಕೆ ಎಲ್ಲವೂ ಆರಿಹೋಯಿತು. ಒಂದು ವಾರ ಊಟದ ಬಿಡುವಿನಲ್ಲೆಲ್ಲ ಮೊಬೈಲಿನಲ್ಲಿ, ಆಟದ ಚಿತ್ರ ಸರಾಗ ಓಡಿಸುವ ಗ್ರಾಫಿಕ್ಸ್ ಕಾರ್ಡುಗಳ ವಿಡಿಯೊ ನೋಡಿದೆ. ಒಂದು ಒಳ್ಳೆಯ ಕಾರ್ಡು ಹಾಕಿದರೆ ಸಾಕು ಅನ್ನಿಸಿತು. ರಜೆಯ ದಿನ ಸಿಪಿಯುವನ್ನು ಹಳೆ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ವಿಜಯಪುರದ ಬಸ್ಸಿನಲ್ಲಿ ಕುಳಿತೆ. ಕಂಡಕ್ಟರು ಏನೆಂದು ಕೇಳಿದ, ಹೇಳಿದೆ. ಕೆಳಗೆ ಇಡಬೇಡಿ, ರಸ್ತೆ ಸರಿ ಇಲ್ಲ ಎಂದು ಹೇಳಿ ಮುಂದೆ ಹೋದ.

ಗಾಂಧಿ ಚೌಕದ ಹತ್ತಿರ, ಮೆಟ್ಟಿಲು ಹತ್ತಿದರೆ ಸಿಗುವ ಸಣ್ಣ ಅಂಗಡಿ. ಮಾಲೀಕರು ಅರವತ್ತು ದಾಟಿದ ಮುಸ್ಲಿಂ ಹಿರಿಯರು. ಓದುವಾಗಿನಿಂದಲೂ ನಾನು ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಅವರು ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಚಹಾದ ಬಸಿಯಲ್ಲಿಟ್ಟು ಒಳಗೆ ಇಣುಕಿದರು. ಕಾರ್ಡು ಹಾಕಿದರೆ ಪವರ್ ಸಪ್ಲೈ ಸಾಲುವುದಿಲ್ಲ, ಅದನ್ನು ಬದಲಿಸಿದರೂ ಪ್ರೊಸೆಸರು ಹಳೆಯದಾದ್ದರಿಂದ ಕಾರ್ಡು ಅರ್ಧ ಹೊತ್ತು ಸುಮ್ಮನೆ ಕೂರುತ್ತದೆ, ಪ್ರೊಸೆಸರು ಬದಲಿಸಬೇಕೆಂದರೆ ಅದು ಕೂತಿರುವ ಬೋರ್ಡೂ ಹೋಗಬೇಕು ಎಂದು ತಿಳಿಸಿ ಹೇಳಿದರು. “ಕಡೀಕ ನಿಮ್ದು ಅಂತ ಉಳಿಯೂದು ಈ ಡಬ್ಬಿ ಒಂದ ನೋಡ್ರಿ.”

ಆದರೂ ನನ್ನ ಕಣ್ಣು ಗಾಜಿನ ಕಪಾಟಿನಲ್ಲಿದ್ದ ಕಾರ್ಡಿನ ಮೇಲೇ ಇತ್ತು. ಅವರು ಅದನ್ನು ಗಮನಿಸಿದರೇನೋ. ಯಾವ ಆಟ, ಯಾರ ಜೊತೆ ಆಡುತ್ತೀರಿ ಎಂದು ಕೇಳಿದರು. ಗೆಳತಿಯ ಕತೆಯನ್ನೆಲ್ಲ ಹೇಳಿದೆ.

“ಹಂಗಾದ್ರ ಆಕೀಗೆ ಈ ಹೊಸಾ ಆಟಾನ ಬೇಕಂತೇನು?” ಎಂದರು. “ಹಳೇವು ಇದರಾಗ ಛಲೋ ಓಡ್ತಾವು. ಹೊಸಾ ಬೋರ್ಡ್ ಹಾಕಿದಮ್ಯಾಲೆ ಓಡ್ತಾವಂತ ನಾ ಗ್ಯಾರಂಟಿ ಕೊಡಂಗಿಲ್ಲ. ಮೊದಲ ಆಕೀನ ಕೇಳ್ರಿ.”

ಅವಳನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆ. ನಿನಗೆ ಆ ಹೊಸ ಆಟವೇ ಬೇಕೇ ಎಂದು ಕೇಳಿದೆ.

“ಖರೆ ಹೇಳ್ಲೇನು? ಆ ಆಟದಾಗ ನಂಗ ತಲಿ ತಿರಗತೈತಿ. ನಮ್ಮ ಕಾರಿನ ಆಟ ಹಾಕಾಕ ನೋಡಿದ್ನಿ, ಈ ಹೊಸಾ ಕಂಪ್ಯೂಟರಿನಾಗ ಓಡಲಿಲ್ಲ. ಹಳೇದ ಬೇಕಂದ್ರ ನೀ ನಗ್ತಿ ಅಂತ ಸುಮ್ನಿದ್ದೆ.”

ಒಳಗೆ ಬಂದು ಕಾರ್ಡು ಬೇಡ ಎಂದೆ. ಬೇಡ ಎನ್ನುವಾಗ ಮನಸ್ಸು ಸ್ವಲ್ಪ ಪಿಚ್ಚೆಂದದ್ದೂ ಹೌದು. ಗೆಳತಿಯ ನೆಪದಲ್ಲಿ ನನಗೇ ಅದರ ಆಸೆಯಾಗಿತ್ತು. ಚಾಚಾ ಧೂಳು ಊದಿ ತೆಗೆದರು, ಪ್ರೊಸೆಸರಿನ ಮೇಲೆ ಒಣಗಿದ್ದ ಪೇಸ್ಟು ಒರೆಸಿ ಹೊಸದು ಹಚ್ಚಿದರು, ಹಳೆ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಹಾಗೇ ಎಸ್‌ಎಸ್‌ಡಿ ಎಂಬ ವೇಗದ ಹೊಸ ಡಿಸ್ಕಿಗೆ ಇಳಿಸಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ನಾನು ಬಬಲೇಶ್ವರದ ಬಸ್ಸು ಬಿಟ್ಟು ತಿಕೋಟಾದ ಬಸ್ಸು ಹತ್ತಿದೆ.

ಅವಳು ತೆಳ್ಳಗಾಗಿದ್ದಳು. ಪ್ಲಾಸ್ಟರಿನ ಕಾಲು ಎರಡು ದಿಂಬಿನ ಮೇಲಿತ್ತು. ಅವಳ ಅತ್ತೆ ಚಹಾ ಕೊಟ್ಟು, ಈ ಪೆಟ್ಟಿಗೆ ಡಾಕ್ಟರು ಕಳಿಸಿದ್ದೇ ಎಂದು ಕೇಳಿದರು. ಮೈದುನನ ಪರದೆಗೇ ನನ್ನ ಸಿಪಿಯು ಜೋಡಿಸಿ, ಕೀಬೋರ್ಡನ್ನು ಮಂಚದ ಮೇಲೆ ನಮ್ಮಿಬ್ಬರ ನಡುವೆ ಇಟ್ಟೆ. ಮೊದಲ ಎರಡು ಆಟ ಅವಳೇ ಗೆದ್ದಳು. ನನ್ನ ಕಾರು ತಿರುವು ಬಂದಲ್ಲೆಲ್ಲ ಗೋಡೆಗೆ ಹೋಗಿ ನಿಲ್ಲುತ್ತಿತ್ತು.

ಮೂರನೆಯ ಆಟದ ನಡುವೆ, ಪರದೆಯಿಂದ ಕಣ್ಣು ತೆಗೆಯದೆ, ಬಿದ್ದ ದಿನದ ಮಾತು ತೆಗೆದಳು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಫೋನು ದೂರ ಬಿದ್ದಿತ್ತು. ಹೊರಗೆ ಟ್ರ್ಯಾಕ್ಟರಿನ ಸದ್ದಿಗೆ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ.

“ಕೂಗಿ ಕೂಗಿ ಸಾಕಾಗಿ ಸುಮ್ನಾದೆ. ಆ ಸುಮ್ನ ಬಿದ್ದಿದ್ದ ಹೊತ್ತ ನೆನಪಾದ್ರ ಈಗೂ ಎದಿ ನಡಗತೈತಿ. ಮನ್ಯಾಗ ಯಾರಿಗೂ ಹೇಳಿಲ್ಲ, ಹೆದರ್ತಾರ.”

ನಾನು ಕೀಲಿಗಳಿಂದ ಕೈ ತೆಗೆದೆ. ಅವಳೂ ತೆಗೆದಳು. ಎರಡೂ ಕಾರುಗಳು ರಸ್ತೆಯ ನಡುವೆಯೇ ನಿಂತವು. ಅವಳ ಕೈ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ, ಮತ್ತೆ ಮೊದಲಿಂದ ಹಚ್ಚು ಎಂದಳು.

ಪ್ಲಾಸ್ಟರು ಬಿಚ್ಚುವತನಕ ಪ್ರತಿ ಭಾನುವಾರ ಹೋದೆ, ಆಮೇಲೂ ಆಗಾಗ ಹೋಗುತ್ತಿದ್ದೇನೆ. ಈಗ ಅವಳು ನಡೆಯುತ್ತಾಳೆ, ಶೆಡ್ಡಿಗೂ ಹೋಗುತ್ತಾಳೆ. ಏಣಿ ಮಾತ್ರ ಹತ್ತುವುದಿಲ್ಲ. ಸಿಪಿಯು ಇನ್ನೂ ಅಲ್ಲೇ ಇದೆ. ತರುವ ಮಾತು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಹೊಸ ಕಾರ್ಡುಗಳ ವಿಡಿಯೊ ನೋಡುವುದನ್ನೂ ನಾನು ಬಿಟ್ಟಿಲ್ಲ. ಎಂದಾದರೂ ಕೊಂಡರೆ ಪೂರ್ತಿ ಹೊಸ ಕಂಪ್ಯೂಟರನ್ನೇ ಕೊಳ್ಳುತ್ತೇನೆ. ಕಳೆದ ಭಾನುವಾರ ಏಳು ಆಟ ಆಡಿದೆವು, ಐದನ್ನು ಅವಳೇ ಗೆದ್ದಳು.