ಓಡುವುದಕ್ಕೆ ಕಟ್ಟಿದ ಕಾಸು

ನನ್ನ ಕಾಲುಗಳಿಗೆ ಸುಮ್ಮನಿರಲು ಬರುವುದಿಲ್ಲ. ತಮಿಳುನಾಡಿನ ಶಂಕಗಿರಿಯಲ್ಲಿ ಲಾರಿಗಳಿಗೆ ಹೊದಿಸುವ ತಾರ್ಪಾಲು ಹೊಲಿಯುವುದು ನಮ್ಮ ಕಸುಬು. ಗಂಡ ಅಳೆದು ಕತ್ತರಿಸುತ್ತಾನೆ, ನಾನು ಮಿಷನ್ನಿನ ಮುಂದೆ ಕೂರುತ್ತೇನೆ. ಮಿಷನ್ನಿಗೆ ಮೋಟಾರು ಹಾಕಿಸಿದ ಮೇಲಂತೂ ಕಾಲಿಗೆ ಕೆಲಸವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ತೊಡೆಯೊಳಗೆ ಇರುವೆ ಹರಿದಂತಾಗುತ್ತದೆ. ಎದ್ದು ಬಾಗಿಲವರೆಗೆ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. "ಕೂತ್ಕಳೇ, ನಿನ್ನ ನೋಡಿ ನಂಗೆ ತಲೆ ತಿರುಗ್ತೈತೆ" ಎನ್ನುತ್ತಾನೆ ಗಂಡ.

ಹಾಗಾಗಿ ಬೆಳಿಗ್ಗೆ ಕೋಟೆಬೆಟ್ಟದ ಕೆಳಗಿನ ರಸ್ತೆಯಲ್ಲಿ ಓಡತೊಡಗಿದೆ. ಆದರೆ ನಲವತ್ತರ ಹೆಂಗಸು ಒಬ್ಬಳೇ ರಸ್ತೆಯಲ್ಲಿ ಓಡಿದರೆ ಯಾರು ಸುಮ್ಮನೆ ಬಿಡುತ್ತಾರೆ? ಲಾರಿಯವರು ನಿಲ್ಲಿಸಿ, "ಏಮ್ಮಾ ಓಡ್ರೀಂಗ, ಯಾರುಕ್ಕು ಎನ್ನಾಚ್ಚು?" ಎಂದು ಕೇಳುವರು. ಯಾರಿಗೋ ಏನೋ ಆಗಿದೆ, ಆಸ್ಪತ್ರೆಗೆ ಓಡುತ್ತಿದ್ದಾಳೆ ಎಂಬ ಕಾಳಜಿ ಪಾಪ. ಹಾಲಿನವನು ಬೈಕಿನಲ್ಲಿ ಹತ್ತಿಸಿಕೊಳ್ಳುತ್ತೇನೆ ಎನ್ನುವನು. ಎಲ್ಲರಿಗೂ ಉತ್ತರ ಕೊಡುವುದರಲ್ಲೇ ನನ್ನ ಉಸಿರು ಮುಗಿಯುತ್ತಿತ್ತು.

ಇದಕ್ಕೇ ನಾನು ಕಾಸು ಕಟ್ಟಿದ್ದು. ಸೇಲಂನಲ್ಲಿ ಓಟದ ಪಂದ್ಯಗಳು ನಡೆಯುತ್ತವೆ, ಹತ್ತು ಕಿಲೋಮೀಟರ್, ಹೆಂಗಸರೂ ಓಡಬಹುದು. ಫೋನಿನಲ್ಲೇ ದುಡ್ಡು ಕಟ್ಟಿ ಹೆಸರು ಕೊಟ್ಟರೆ ಒಂದು ಬನಿಯನ್ನು, ಎದೆಗೆ ಚುಚ್ಚಿಕೊಳ್ಳಲು ಒಂದು ನಂಬರು, ಓಡಿ ಮುಗಿಸಿದವರಿಗೆ ಒಂದು ಮೆಡಲು. ಎದೆಯ ಮೇಲೆ ಆ ನಂಬರು ಇದ್ದರೆ ಯಾಕೆ ಓಡುತ್ತೀ ಎಂದು ಒಬ್ಬರೂ ಕೇಳುವುದಿಲ್ಲ. ಒಂದು ಒಳ್ಳೆಯ ನಾಟಿಕೋಳಿ ಬರುವಷ್ಟು ದುಡ್ಡು ಅದು. ಗಂಡನಿಗೆ ಹೇಳಿದಾಗ ಕತ್ತರಿ ಕೆಳಗಿಟ್ಟು ತಮಿಳಿನಲ್ಲೇ ಅಂದ, "ಸೊಂದ ಕಾಸುಲ ಸೂನಿಯಂ ವೆಚ್ಚುಕಿಟ್ಟ ಕದೆ." ತನ್ನ ಕೈಯಾರೆ ದುಡ್ಡು ಕೊಟ್ಟು ತನಗೇ ಮಾಟ ಮಾಡಿಸಿಕೊಂಡ ಹಾಗೆ ಎಂದು ಅದರ ಅರ್ಥ. ನಮ್ಮ ಮನೆಯಲ್ಲಿ ಪ್ರೀತಿ ಕನ್ನಡದಲ್ಲಿ, ಬೈಗುಳ ತಮಿಳಿನಲ್ಲಿ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳು ಇನ್ನೂ ಪೆನ್ನಾಗರಂ ಕಡೆಯ ನಮ್ಮ ಊರಲ್ಲಿ ನಾಲ್ಕು ಕುರಿ ಇಟ್ಟುಕೊಂಡಿದ್ದಾಳೆ. ನಾನು ಚಿಕ್ಕವಳಾಗಿದ್ದಾಗ ದೊಡ್ಡ ಮಂದೆಯೇ ಇತ್ತು. ಅಪ್ಪ ಬೇಗ ತೀರಿಹೋದ. ಬೇಸಿಗೆಯಲ್ಲಿ ಅವ್ವನೂ ನಾನೂ ಕುರಿ ಹೊಡೆದುಕೊಂಡು ಊರೂರು ಹೋಗುತ್ತಿದ್ದೆವು. ರಾತ್ರಿ ಯಾರದಾದರೂ ಹೊಲದಲ್ಲಿ ಮಂದೆ ನಿಲ್ಲಿಸಿದರೆ, ಬಿದ್ದ ಗೊಬ್ಬರಕ್ಕೆ ಹೊಲದವರು ರಾಗಿ ಅಳೆದು ಕೊಡುತ್ತಿದ್ದರು. ಅವ್ವನ ಲೆಕ್ಕ ಅಲ್ಲಿಂದಲೇ ಬಂತು.

"ನಾವು ಒಲದಲ್ಲಿ ಸುಮ್ನೆ ಕುರಿ ನಿಲ್ಸಿದ್ರೇ ರಾಗಿ ಕೊಡೋರು. ನೀನು ಓಡಿ, ಮೇಲೆ ಕಾಸೂ ಕೊಟ್ಟು ಬರ್ತೀಯಾ? ಇದ್ಯಾವ ನ್ಯಾಯ?"

ನ್ಯಾಯ ನನಗೂ ಗೊತ್ತಿರಲಿಲ್ಲ. ಹೋದೆ.

ಮೊದಲ ಪಂದ್ಯದಲ್ಲಿ, ಬೇರೆಯವರ ಕಾಲಿಗೆ ಅಡ್ಡ ಬರಬಾರದೆಂದು ಎಲ್ಲರ ಹಿಂದೆ ನಿಂತೆ. ಅದೇ ತಪ್ಪಾಯಿತು. ಸೀಟಿ ಊದಿದ ಮೇಲೆ ಜನ ಹೋದರು, ನನ್ನ ಮುಂದೆ ಉಳಿದವರು ಏದುಸಿರು ಬಿಡುವ ಒಬ್ಬ ದಪ್ಪ ಯಜಮಾನರು. ದಾಟಿ ಹೋಗಬಹುದಿತ್ತು. ಉಸಿರಿತ್ತು, ಕಾಲಲ್ಲಿ ಬಲವೂ ಇತ್ತು. ಆದರೆ ಅವರ ಹತ್ತಿರ ಬಂದೊಡನೆ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಅವರು ನಡೆದರೆ ನಾನೂ ನಡೆದೆ, ಅವರು ನಿಂತು ಸೊಂಟ ಹಿಡಿದುಕೊಂಡರೆ ನಾನೂ ನಿಂತೆ. ಈ ಹೆಂಗಸು ಯಾಕೆ ಬೆನ್ನು ಹತ್ತಿದ್ದಾಳೆ ಎಂದು ಅವರು ತಿರುಗಿ ತಿರುಗಿ ನೋಡಿ, ಕೊನೆಗೆ ಕೈ ಮುಗಿದು, "ನೀಂಗ ಪೋಂಗಮ್ಮಾ" ಎಂದರು. ನಾನು ಹೋಗಲಿಲ್ಲ. ಕಡೆಯವಳಾಗಿ ಬಂದೆ.

ಎರಡನೆಯ ಪಂದ್ಯಕ್ಕೆ ಮತ್ತೆ ಕಾಸು ಕಟ್ಟಿದೆ. ಈ ಸಲ ಮಧ್ಯದಲ್ಲಿ ನಿಂತೆ. ಅರ್ಧ ದಾರಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಪಕ್ಕೆ ಹಿಡಿದು ಅಳುತ್ತ ಹಿಂದೆ ಬಿದ್ದಳು, ಅವಳ ಜೊತೆ ನಾನೂ ಹಿಂದೆ ಬಿದ್ದೆ. ನಾವು ಗುರಿ ಮುಟ್ಟುವಷ್ಟರಲ್ಲಿ ಮೇಜು ಮಡಚುತ್ತಿದ್ದರು. ಮೆಡಲು "ತೀರ್ಂದು ಪೋಚ್ಚು ಅಕ್ಕಾ", ಮುಗಿದುಹೋಯಿತು ಎಂದು ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು.

ಇದು ದಯೆಯಲ್ಲ, ಯಾರೂ ಹಾಗೆ ತಿಳಿಯಬೇಡಿ. ನನಗೆ ಆ ಹುಡುಗಿಯ ಮೇಲೆ ಮೈ ಉರಿಯುವಷ್ಟು ಸಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅದು. ಮಂದೆ ನಡೆಸುವಾಗ ಮುಂದೆ ಒಬ್ಬರು, ಹಿಂದೆ ಒಬ್ಬರು. ಮುಂದಿನವರು ದಾರಿ ನೋಡಬೇಕು, ಹಿಂದಿನವರು ಕಡೆಯ ಕುರಿ ನೋಡಬೇಕು. ಕಡೆಯ ಕುರಿಯನ್ನು ಯಾವ ಕಾರಣಕ್ಕೂ ದಾಟುವಂತಿಲ್ಲ. ಅದು ನಿಂತರೆ ನಿಲ್ಲಬೇಕು, ಕುಂಟಿದರೆ ಕುಂಟಿದಷ್ಟೇ ನಡೆಯಬೇಕು. ದಾಟಿದೆಯೋ, ಉಳಿದದ್ದು ನರಿಯ ಪಾಲು. ಅವ್ವ ಯಾವಾಗಲೂ ಮುಂದೆ, ತಲೆಯ ಮೇಲೆ ಟವಲು ಹಾಕಿಕೊಂಡು, ಹಾಯಾಗಿ ಕೂಗು ಹಾಕುತ್ತ. ನಾನು ಹಿಂದೆ, ಕುರಿಗಳ ಕಾಲು ಎಬ್ಬಿಸಿದ ಮಣ್ಣನ್ನೆಲ್ಲ ಮೂಗು ಬಾಯಿಗೆ ತುಂಬಿಕೊಂಡು. ಒಂದು ದಿನವಾದರೂ ಮುಂದೆ ನಡೆಯಬೇಕೆಂದು ಎಷ್ಟು ಆಸೆಯಿತ್ತು ನನಗೆ. ಕೇಳಲು ಧೈರ್ಯ ಬರಲಿಲ್ಲ.

"ಪುಗಸಟ್ಟೆ ಓಡಿದ್ರೂ ಕಡೇಲೇ ಬರ್ತಿದ್ದೆ. ಅದಕ್ಯಾಕೆ ಕಾಸು?" ಎಂದ ಗಂಡ. ಇನ್ನೊಂದೇ ಸಲ ಓಡುತ್ತೇನೆ, ಆಗಲೂ ಕಡೆಯವಳಾಗಿ ಬಂದರೆ ಇನ್ನು ಮುಂದೆ ಕಾಸು ಕಟ್ಟುವುದಿಲ್ಲ, ಮಿಷನ್ನು ಬಿಟ್ಟು ಏಳುವುದೂ ಇಲ್ಲ ಎಂದು ನಾನೇ ಮಾತು ಕೊಟ್ಟೆ. ಕೊಟ್ಟ ಮೇಲೆ ಹೆದರಿಕೆಯಾಯಿತು. ಓಡುವ ಆ ಒಂದು ಬೆಳಗಿನ ಹೊರತು ನನ್ನದು ಅಂತ ಬೇರೇನೂ ಇರಲಿಲ್ಲ.

ಮೂರನೆಯ ಪಂದ್ಯದ ವಾರ ಅವ್ವ ಸೇಲಂನಲ್ಲಿ ಕಣ್ಣು ತೋರಿಸಿಕೊಳ್ಳಲು ಬಂದು ನಮ್ಮ ಮನೆಯಲ್ಲೇ ಇದ್ದಳು. ಪಂದ್ಯಕ್ಕೆ ಜೊತೆಗೆ ಕರೆದುಕೊಂಡು ಹೋದೆ. ಊರ ಹೊರಗೆ, ಕೆರೆ ಏರಿಯ ಮೇಲಿಂದ ತೆಂಗಿನ ತೋಟಗಳ ನಡುವೆ ಮಣ್ಣುದಾರಿ. ಹೋದ ದಾರಿಯಲ್ಲೇ ತಿರುಗಿ ಬರಬೇಕು. ಬೇವಿನ ಮರದ ಕೆಳಗೆ ಅವ್ವ ಚಪ್ಪಲಿ ಬಿಟ್ಟು ಚೀಲ ಇಟ್ಟುಕೊಂಡು ಕೂತಳು. ಬನಿಯನ್ನು ಹಾಕಿದ ಜನವನ್ನು ಉದ್ದಕ್ಕೂ ನೋಡಿ ಕೇಳಿದಳು:

"ಇಷ್ಟು ಜನಕ್ಕೆ ಇಂದೆ ಯಾರು?"

"ಆಂಬುಲೆನ್ಸ್ ಬರ್ತೈತೆ ಕಣವ್ವ. ಕಡೇರ ಇಂದೇನೇ ಬರ್ತೈತೆ."

"ಮತ್ತೆ ಗಾಡಿ ಐತಲ್ಲ. ನೀನ್ಯಾಕೆ ಇಂದೆ ಇರ್ತೀಯಾ? ಓಗು ಮುಂದಕ್ಕೆ."

ಇಷ್ಟೇ. ಮೂವತ್ತು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು. ನಾನು ಹೋಗಿ ಜನರ ನಡುವೆ ನಿಂತೆ.

ಏರಿ ಇಳಿಯುವಷ್ಟರಲ್ಲಿ ನನ್ನ ಮುಂದೆ ನೇರಳೆ ಬಣ್ಣದ ಬನಿಯನ್ನಿನ ಹೆಂಗಸೊಬ್ಬಳು ಕುಂಟತೊಡಗಿದಳು. ಕಾಲು ಉಳುಕಿತ್ತೇನೋ. ನನ್ನ ಕಾಲು ಎಂದಿನಂತೆ ನಿಧಾನವಾಯಿತು. ಥೂ, ಇದರ ಮನೆ ಹಾಳಾಗ ಎಂದು ಕಾಲನ್ನೇ ಬೈದುಕೊಂಡೆ. ತಿರುಗಿ ನೋಡಿದೆ, ದೂರದಲ್ಲಿ ಆಂಬುಲೆನ್ಸ್ ಕಂಡಿತು. ಅವಳನ್ನು ದಾಟಿದೆ. ದಾಟುವಾಗ ಯಾರೋ ಹೆಸರು ಹಿಡಿದು ಕೂಗುತ್ತಾರೆ ಎಂದು ಕಾದೆ. ಯಾರೂ ಕೂಗಲಿಲ್ಲ. ಮತ್ತೊಬ್ಬರನ್ನು ದಾಟಿದೆ, ಇನ್ನೊಬ್ಬರನ್ನು. ಆಮೇಲೆ ನೋಡುವುದನ್ನೇ ಬಿಟ್ಟೆ. ಅಯ್ಯೋ, ಎಷ್ಟು ಹಗುರವಾಗಿ ಓಡಿದೆ ಅಂದು. ಕಟ್ಟಿದ ಕಾಸು, ಆ ನಾಟಿಕೋಳಿಯ ಬೆಲೆ, ಅಲ್ಲೇ ತೀರಿಹೋಯಿತು.

ಕೊರಳಿಗೆ ಮೆಡಲು ಹಾಕಿಸಿಕೊಂಡು ಬೇವಿನ ಮರಕ್ಕೆ ಬಂದರೆ ಚೀಲ ಇದೆ, ಚಪ್ಪಲಿ ಇದೆ, ಅವ್ವ ಇಲ್ಲ. ಕಣ್ಣು ಸರಿಯಿಲ್ಲದ ಮುದುಕಿ, ಗೊತ್ತಿಲ್ಲದ ಊರು. ಕೆರೆಯ ಕಡೆ ಓಡಿದೆ, ಇಲ್ಲ. ಬಸ್ ನಿಲ್ಲುವ ಕಡೆ ಓಡಿದೆ, ಅಲ್ಲೂ ಇಲ್ಲ. ಒಬ್ಬಳನ್ನು ಹಿಂದೆ ಬಿಟ್ಟು ಬಂದದ್ದಕ್ಕೆ ಇನ್ನೊಬ್ಬಳನ್ನು ಕಳೆದುಕೊಂಡೆ ಎಂದೇ ನಂಬಿಬಿಟ್ಟೆ. ನೀರಿನ ಮೇಜಿನವಳನ್ನು ಕೇಳಿದರೆ, ಆಗಲೇ ಅಜ್ಜಿ ಓಟದ ದಾರಿ ಹಿಡಿದು ಹೋದರು ಎಂದು ತೋಟಗಳ ಕಡೆ ಕೈ ತೋರಿಸಿದಳು.

ಮೇಜು ಮಡಚುವ ಹೊತ್ತಿಗೆ ಬಂದರು. ಮುಂದೆ ನೇರಳೆ ಬನಿಯನ್ನಿನ ಹೆಂಗಸು, ಕುಂಟುತ್ತ. ಅವಳಿಂದ ನಾಲ್ಕು ಹೆಜ್ಜೆ ಹಿಂದೆ ಅವ್ವ, ಬರಿಗಾಲಲ್ಲಿ, ತಲೆಯ ಮೇಲೆ ಟವಲು, ಬೇಲಿಯಿಂದ ಮುರಿದ ಕೋಲು ಕೈಯಲ್ಲಿ. ಅವಳ ಹಿಂದೆ ಆಂಬುಲೆನ್ಸಿನವನು ಹಾರನ್ ಹೊಡೆಯುತ್ತಿದ್ದ. ಅವ್ವ ಅವನಿಗೆ ದಾರಿ ಬಿಟ್ಟಿರಲಿಲ್ಲ.

"ಯಾಕವ್ವ ಓದೆ? ಗಾಡಿ ಐತೆ ಅಂತ ನೀನೇ ಅಂದ್ಯಲ್ಲ."

"ನಿನ್ನ ಕಳ್ಸಕ್ಕೆ ಅಂದೆ. ಕುಂಟೋರ ಕಷ್ಟ ಗಾಡಿಗೇನು ಗೊತ್ತು? ನೀನು ಮುಂದಕ್ಕೆ ಓದ್ಯಲ್ಲ, ಇಂದೆ ಯಾರಾರ ಬ್ಯಾಡ್ವಾ?"

ನನಗೆ ಸಿಟ್ಟು ಬಂತು. ಅಳುವೂ ಬಂತು, ಆದರೆ ಸಿಟ್ಟೇ ಮೊದಲು. ನನ್ನ ಕಾಸು ಕೊಟ್ಟು ಒಂದು ಬೆಳಿಗ್ಗೆ ಕೊಂಡುಕೊಂಡರೆ ಅದಕ್ಕೂ ಇವಳೇ ಕಾವಲು ಬರಬೇಕೆ? ಚಪ್ಪಲಿ ತಂದು ಕಾಲ ಬಳಿ ಇಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಗಂಡನ ಫೋನು ಬಂತು. "ಕೊಟ್ಟ ಕಾಸಿಗೆ ಏನ್ ಸಿಕ್ತು?" ಎಂದು ಕೇಳಿದ. ಈ ಸಲ ಕೊರಳಲ್ಲಿ ಮೆಡಲಿತ್ತು, ಜಂಬದಿಂದಲೇ ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿ ಅವ್ವ ಸೆರಗಿನ ತುದಿಯಿಂದ ಕಣ್ಣು, ಮೂಗು, ಕಿವಿಯ ಹಿಂದೆ ಒರೆಸಿಕೊಳ್ಳುತ್ತಿದ್ದಳು. ಸೆರಗು ದಾರಿಯ ಮಣ್ಣಿಗೆ ಕೆಂಪಗಾಗಿತ್ತು. ಅದನ್ನೇ ನೋಡುತ್ತ ಅಂದಳು:

"ಇಂದೆ ಇಷ್ಟು ಧೂಳು ಅಂತ ನೀನು ಒಂದಿನಾನೂ ಏಳ್ಲಿಲ್ವಲ್ಲೇ."

ಫೋನಿನಲ್ಲಿ ಗಂಡ, ಏನ್ ಸಿಕ್ತೇ, ಏನ್ ಸಿಕ್ತು ಎಂದು ಕೇಳುತ್ತಲೇ ಇದ್ದ. ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ.