ದೊಡ್ಡಕ್ಕ ತೆರೆದ ಬಾಗಿಲು

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಮನೆಮನೆಗೂ ಬಿಳಿ ಪ್ಲಾಸ್ಟಿಕ್ ಕಾರ್ಡ್ ಹಂಚಿದರು. ಕೆಳಗಿನ ಬಾಗಿಲಿಗೆ ತೋರಿಸಿದರೆ ಕುಯ್ ಎನ್ನುತ್ತದೆ, ಬೀಗ ಬಿಡುತ್ತದೆ. ಪಕ್ಕದಲ್ಲೇ ಒಂದು ಬೋರ್ಡು: 'ನಿಮ್ಮ ಹಿಂದೆ ಯಾರನ್ನೂ ಒಳಗೆ ಬಿಡಬೇಡಿ.' ಓದಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. ದೊಡ್ಡಕ್ಕ ನೆನಪಾದಳು...

ಎಂಬತ್ತರ ದಶಕದ ಕೊನೆ. ಹೊಸೂರಿನ ಮೂಕಂಡಪಲ್ಲಿಯ ಹತ್ತಿರ ಎಲೆಕ್ಟ್ರಾನಿಕ್ ಬಿಡಿಭಾಗ ಜೋಡಿಸುವ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ನಮ್ಮ ಹಾಲ್‌ನಲ್ಲಿ ಎಲ್ಲರೂ ಹೆಂಗಸರೇ. ತೊರಪಲ್ಲಿ ಅಗ್ರಹಾರದಿಂದ ಬಸ್ಸಿನಲ್ಲಿ ಬರುತ್ತಿದ್ದ ಅವಳೇ ಹಿರಿಯಳು, ಹಾಗಾಗಿ ಎಲ್ಲರಿಗೂ ದೊಡ್ಡಕ್ಕ.

ಸಾಮಾನು ಕಳವಾಗುತ್ತಿದೆ ಎಂದು ಮೇಲಿನವರು ನಮ್ಮ ಹಾಲ್‌ಗೆ ಕಾರ್ಡಿನ ಬಾಗಿಲು ಹಾಕಿಸಿದರು. ಕಳ್ಳರು ನಾವೇ ಎಂದು ಯಾರು ತೀರ್ಮಾನಿಸಿದರೋ! ಕಾರ್ಡಿನ ಬೆನ್ನಿಗೆ ಕಪ್ಪು ಪಟ್ಟಿ. ಅದನ್ನು ಸೀಳಿನಲ್ಲಿ ಎಳೆದರೆ ಯಂತ್ರ ನಂಬರು ಓದಿ, ಬಾಗಿಲನ್ನು ಹಿಡಿದ ಕರೆಂಟಿನ ಅಯಸ್ಕಾಂತವನ್ನು ಸಡಿಲಿಸುತ್ತಿತ್ತು. ಒಳಗೆ ಬರುವಾಗ ಕಾರ್ಡ್ ಎಳೆದವರಿಗಷ್ಟೇ ಹೊರಗೆ ಹೋಗುವ ಭಾಗ್ಯ. ಒಪ್ಪದ ಕಾರ್ಡನ್ನು ಮತ್ತೆ ಮತ್ತೆ ಎಳೆದರೆ ಬಾಗಿಲು ಕಿರುಚಿಕೊಂಡು, ಯಾರ ಕಾರ್ಡಿಗೂ ಜಗ್ಗದೆ ಬಿಗಿದುಕೊಳ್ಳುತ್ತಿತ್ತು. ಆಮೇಲೆ ಸೆಕ್ಯುರಿಟಿ ಆಫೀಸರೇ ಬಂದು ಕೀಲಿ ತಿರುಗಿಸಬೇಕು. ಕರೆಂಟು ಹೋದಾಗ ಮಾತ್ರ ಬಾಗಿಲು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಹೊಸೂರಿನ ಕರೆಂಟು ಗೊತ್ತಲ್ಲ, ಇದನ್ನು ನಾವೆಲ್ಲ ಮೊದಲ ವಾರವೇ ಕಂಡಿದ್ದೆವು.

ಒಂದು ಬೆಳಿಗ್ಗೆ ದೊಡ್ಡಕ್ಕ ಕಾರ್ಡ್ ಎಳೆದಾಗ ಹಿಂದೆ ನಮ್ಮ ಜೊತೆಯವಳೊಬ್ಬಳು ನಿಂತಿದ್ದಳು. ತುಂಬು ಬಸುರಿ. ನಮ್ಮ ಕಡೆ ಬಸುರಿಯನ್ನು ಹೊಸ್ತಿಲಲ್ಲಿ ನಿಲ್ಲಿಸುವುದುಂಟೆ? ದೊಡ್ಡಕ್ಕ ಬಾಗಿಲು ಹಿಡಿದು, "ನಡಿಯಮ್ಮಿ ಮುಂದ್ಕೆ, ಬಾಗ್ಲಾಗೆ ನಿಂತ್ಕಬಾರ್ದು" ಎಂದು ಅವಳನ್ನು ಮೊದಲು ಒಳಗೆ ಕಳಿಸಿದಳು. ಯಂತ್ರದ ಲೆಕ್ಕದಲ್ಲಿ ಆ ಹುಡುಗಿ ಅವತ್ತು ಒಳಗೆ ಬಂದೇ ಇರಲಿಲ್ಲ.

ಊಟದ ಹೊತ್ತಿಗೆ ಮುಂಚೆ ಅವಳಿಗೆ ನೋವು ಶುರುವಾಯಿತು. ಗಾಬರಿಯಲ್ಲಿ ಬಾಗಿಲಿಗೆ ಓಡಿ ಕಾರ್ಡ್ ಎಳೆದಳು. ಒಪ್ಪಲಿಲ್ಲ. ಅಳುತ್ತಾ ಎಳೆದಳು, ಎಳೆದಳು... ಬಾಗಿಲು ಕಿರುಚಿ ಬಿಗಿದುಕೊಂಡಿತು. ಆಫೀಸರಿಗೆ ಫೋನ್ ಮಾಡಿದರೆ, ಮೀಟಿಂಗ್ ಮುಗಿಸಿ ಬರುತ್ತೇನೆ, ಯಾರೂ ಏನನ್ನೂ ಮುಟ್ಟಬೇಡಿ ಎಂದ. ಹೆರಿಗೆ ನೋವಿಗೆ ಮೀಟಿಂಗ್ ಮುಗಿಯುವ ತನಕ ಕಾಯುವ ವ್ಯವಧಾನ ಇರುತ್ತದೆಯೇ? ಈಗಲೂ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

"ಅವ್ನ ಮೀಟಿಂಗ್‌ಗೆ ಬೆಂಕಿ ಬೀಳ!" ಎಂದು ದೊಡ್ಡಕ್ಕ ಎದ್ದಳು. ಮೂಲೆಗೆ ಹೋಗಿ ಹಾಲ್‌ನ ಮೇನ್ ಸ್ವಿಚ್ ಕೆಳಗೆಳೆದಳು. ಯಂತ್ರಗಳೆಲ್ಲ ನಿಂತವು, ಬಾಗಿಲು ಸಡಿಲವಾಯಿತು. ಹುಡುಗಿಯನ್ನು ತೋಳಿಗೆ ಆನಿಸಿಕೊಂಡು ಹೊರಗೆ ನಡೆದಳು. ಆಸ್ಪತ್ರೆಯಲ್ಲಿ ತಾಯಿ, ಮಗು ಇಬ್ಬರೂ ಉಳಿದರು.

ಮರುದಿನ ಆಫೀಸಿನಲ್ಲಿ ವಿಚಾರಣೆ. ನೋಡಿದ್ದನ್ನು ಹೇಳಲು ನನ್ನನ್ನೂ ಕರೆದಿದ್ದರು. ಮಗು ಹೇಗಿದೆ ಎಂದು ಒಬ್ಬರಾದರೂ ಕೇಳಲಿಲ್ಲ. "ಮೇನ್ ಯಾರು ಆಫ್ ಪಣ್ಣುನದು?" ಮೇನ್ ಆರಿಸಿದ್ದು ಯಾರು ಎಂದು, ಅರೆ ತಮಿಳಿನಲ್ಲಿ, ಆಫೀಸರದು ಇದೊಂದೇ ಪ್ರಶ್ನೆ.

"ನಾನೇ ಸಾರ್. ನಾಳೀಕೂ ಅಂಗೇ ಆದ್ರೆ ನಾಳೀಕೂ ಎಳೀತೀನಿ" ಎಂದಳು ದೊಡ್ಡಕ್ಕ.

ಇನ್ನೊಬ್ಬಳನ್ನು ತನ್ನ ಕಾರ್ಡಿನಲ್ಲಿ ಒಳಗೆ ಬಿಟ್ಟಿದ್ದು ಒಂದು ತಪ್ಪು, ಕೆಲಸ ನಿಲ್ಲಿಸಿದ್ದು ಇನ್ನೊಂದು. ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೆಲಸದಿಂದ ತೆಗೆದಿದ್ದೇವೆ ಎಂದು ಆಫೀಸರು ಅವಳ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿದ. ಆ ಕೋಣೆಗೂ ಕಾರ್ಡಿನ ಬಾಗಿಲೇ. ಅವಳು ಅದರ ಮುಂದೆ ಹೋಗಿ ಸುಮ್ಮನೆ ನಿಂತಳು. ಕೊನೆಗೆ ಅವನೇ ಎದ್ದು ಬಂದು, ತನ್ನ ಕಾರ್ಡ್ ಎಳೆದು ಬಾಗಿಲು ಹಿಡಿದುಕೊಂಡ.

"ನಿಮ್ ಕಾರ್ಡ್ನಾಗೆ ನನ್ನ ಕಳುಸ್ತಿದ್ದೀರಲ್ಲ ಸಾರ್, ನಿಮ್ಮುನ್ನ ಯಾರ್ ಕೇಳ್ತಾರೆ?"

ಅವಳು ತಿರುಗಿ ನೋಡದೆ ಹೋದಳು...

ದೊಡ್ಡಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಕೆಲಸದವಳು ಕೆಳಗಿನ ಬಾಗಿಲಾಚೆ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಕೆಲಸದವರಿಗೆ ಸಂಘ ಕಾರ್ಡ್ ಕೊಟ್ಟಿಲ್ಲವಂತೆ. ನನ್ನ ಕಾರ್ಡ್ ತೋರಿಸಿ, ಬೋರ್ಡಿಗೆ ಬೆನ್ನು ಕೊಟ್ಟು ಬಾಗಿಲು ಹಿಡಿದುಕೊಂಡೆ.

"ನಡಿಯಮ್ಮಿ ಮುಂದ್ಕೆ" ಎಂದೆ.